ಚಾಮರಾಜಪೇಟೆಯ ಅಜ್ಜಿಗೆ ನಾನು ಹೇಳಿದ ಸುಳ್ಳು

ಚೈತ್ರಾ, ಆ ದಿನ ಚಾಮರಾಜಪೇಟೆಯ ಮನೆಯಲ್ಲಿ ನೀನು ಮುಟ್ಟಾಗಿದ್ದೀಯೆಂದು ಅಜ್ಜಿಗೆ ಹೇಳಿದವಳು ನಾನು. ಇಷ್ಟು ವರ್ಷ ನೀನು ಶಾಪ ಹಾಕಿಕೊಂಡು ಬಂದ ಆ ಮೇಕಪ್ ಹೆಂಗಸಲ್ಲ — ನಾನು. ಅದು ಸುಳ್ಳೆಂದು ನನಗೆ ಗೊತ್ತಿತ್ತು. ಬಾಯಿ ತಪ್ಪಿ ಬಂದ ಮಾತೂ ಅಲ್ಲ. ಹೇಳುವ ಮೊದಲು ಮನಸ್ಸಿನಲ್ಲೇ ಎರಡು ಸಲ ಹೇಳಿ ನೋಡಿಕೊಂಡಿದ್ದೆ.

ಒಂಬತ್ತು ವರ್ಷವಾಯಿತು. ಆಗ ನಾವಿಬ್ಬರೂ ಮಲ್ಲೇಶ್ವರದ ಒಂದು ಮಹಡಿ ಕೋಣೆಯಲ್ಲಿದ್ದೆವು. ನಟಿಯರಾಗಲು ಹೊರಟು ಊರಿನ ಚಿಲ್ಲರೆ ಕೆಲಸಗಳನ್ನೆಲ್ಲ ಮಾಡುತ್ತಿದ್ದೆವು. ನೀನು ಬೆಳಿಗ್ಗೆ ಗಾಂಧಿ ಬಜಾರಿನ ಸೀರೆ ಅಂಗಡಿಯಲ್ಲಿ ಗಿರಾಕಿಗಳಿಗೆ ಸೀರೆ ಹೊದ್ದು ತೋರಿಸುತ್ತಿದ್ದೆ, ಸಂಜೆ ಆರತಕ್ಷತೆಗಳಲ್ಲಿ ಕುಣಿಯುತ್ತಿದ್ದೆ. ನಾನು ಧಾರಾವಾಹಿಯಲ್ಲಿ ಅತ್ತೆಯ ಹಿಂದೆ ತಟ್ಟೆ ಹಿಡಿದು ನಿಲ್ಲುತ್ತಿದ್ದೆ, ಛತ್ರದ ಬಾಗಿಲಲ್ಲಿ ಪನ್ನೀರು ಚಿಮುಕಿಸುತ್ತಿದ್ದೆ, ಭಾನುವಾರ ಪಾತ್ರೆ ಅಂಗಡಿಯ ಮುಂದೆ ನಾನ್‌ಸ್ಟಿಕ್ ಕಾವಲಿಯಲ್ಲಿ ದೋಸೆ ಹುಯ್ಯುತ್ತಾ ಜನರನ್ನು ಕರೆಯುತ್ತಿದ್ದೆ. ನಡುವೆ ಎಲ್ಲಾದರೂ ಒಂದು ಫೋಟೋ ಶೂಟ್ ಸಿಕ್ಕರೆ ಅದೇ ಹಬ್ಬ. ಇಬ್ಬರಿಗೂ ಸೇರಿ ಒಂದೇ ಒಳ್ಳೆಯ ಕಪ್ಪು ರವಿಕೆ — ಯಾರಿಗೆ ಕೆಲಸವಿದೆಯೋ ಅವರಿಗೆ. ಅಕ್ಕತಂಗಿಯರಾ ಎಂದು ಮನೆ ಒಡತಿ ಕೇಳಿದಾಗ ಹೌದು ಅಂದವಳು ನಾನೇ.

ಒಂದು ಒಡವೆ ಅಂಗಡಿಯವರು ಪ್ರತಿವರ್ಷ ಗಿರಾಕಿಗಳಿಗೆ ಹಂಚುವ ಕ್ಯಾಲೆಂಡರಿಗೆ ಒಬ್ಬ ಹುಡುಗಿಯನ್ನು ಲಕ್ಷ್ಮಿಯಾಗಿ ಕೂರಿಸಿ ಚಿತ್ರ ತೆಗೆಸುತ್ತಿದ್ದರು. ಆ ವರ್ಷ ನಿನ್ನನ್ನು ಆರಿಸಿದರು. ನನ್ನನ್ನು ಕರೆದದ್ದು ನಿನ್ನ ಸೆರಗಿಗೆ ಪಿನ್ ಹಾಕಲು. ನಿನಗೇನಾದರೂ ತೊಂದರೆಯಾದರೆ ಬದಲಿಗೆ ಒಬ್ಬಳು ಇರಲಿ ಎಂದು ಕೂಡ. ಸಣ್ಣ ಶೂಟ್‌ಗಳಿಗೆ ಹೀಗೆ ಇಬ್ಬರನ್ನು ಕರೆಸುವುದು ರೂಢಿ. ಎರಡನೆಯವಳು ದಿನವಿಡೀ ಕಾದು, ತಿಂಡಿ ತಿಂದು, ಮನೆಗೆ ಹೋಗಬೇಕು.

ನಿನ್ನ ಅಪ್ಪ ಓಕಳಿಪುರದಲ್ಲಿ ಸಿಮೆಂಟ್ ಅಂಗಡಿ ಇಟ್ಟಿದ್ದರು. ತೋಳಿಲ್ಲದ ರವಿಕೆಯ ಯಾವುದೋ ಜಾಹೀರಾತಿನಲ್ಲಿ ನಿನ್ನನ್ನು ನೋಡಿ, ಎರಡು ವರ್ಷದಿಂದ ಮಾತು ಬಿಟ್ಟಿದ್ದರು. ಕ್ಯಾಲೆಂಡರಿನ ವಿಷಯ ಗೊತ್ತಾದ ದಿನ ನೀನು ಹಾಸಿಗೆಯ ಮೇಲೆ ಹಾರಿ ಕೂತು, "ಲಕ್ಷ್ಮಿಯಾಗಿ ಬಂದ್ರೆ ಅಪ್ಪ ಗೋಡೆಗೆ ಹಾಕ್ಲೇಬೇಕಲ್ವೇನೇ? ದಿನಾ ಕೈ ಮುಗೀಬೇಕು ನಂಗೆ!" ಎಂದು ನಕ್ಕೆ. ಆಮೇಲೆ ನೀನೇ ಧೈರ್ಯ ಮಾಡಿ ಅವರಿಗೆ ಫೋನ್ ಮಾಡಿದೆ. ಅವರು "ಆಯ್ತು, ಬರ್ಲಿ, ನೋಡೋಣ" ಅಂದರಂತೆ. ಎರಡು ವರ್ಷದ ಮೇಲೆ ಅಷ್ಟು ಮಾತು. ನೀನು ಅದನ್ನು ವಾರವಿಡೀ ಹೇಳಿಕೊಂಡು ಓಡಾಡಿದೆ, ಹೇಳುವಾಗಲೆಲ್ಲ ಕಣ್ಣೀರು ಹಾಕಿದೆ. ನಾನು ನಿನ್ನ ಬೆನ್ನು ಸವರಿದೆ. ಮತ್ತು — ನಿನಗೆ ಈ ಸಂತೋಷ ಸಿಗಬಾರದು ಅಂದುಕೊಂಡೆ. ಅಷ್ಟೇ. ಇದಕ್ಕಿಂತ ದೊಡ್ಡ ಕಾರಣ ಇರಬಹುದೆಂದು ಇಷ್ಟು ವರ್ಷ ಹುಡುಕಿದೆ, ಇರಲಿಲ್ಲ.

ಶೂಟ್ ನಡೆದದ್ದು ಚಾಮರಾಜಪೇಟೆಯಲ್ಲಿದ್ದ ಅಂಗಡಿಯವರ ಮನೆಯಲ್ಲೇ. ಒಡವೆ ಬಾಡಿಗೆಯದಲ್ಲ, ಆ ಮನೆಯ ದೇವರಿಗೆ ಹಾಕುವ ಚಿನ್ನ. ಮಾಲೀಕರ ತಾಯಿ, ಆ ಅಜ್ಜಿ, ಪೂಜೆ ಮಾಡಿ ತಮ್ಮ ಕೈಯಾರೆ ಹುಡುಗಿಯ ಕೊರಳಿಗೆ ಹಾಕಬೇಕು — ಅದು ಅವರ ಪದ್ಧತಿ. ನೀನು ತಲೆಗೆ ನೀರು ಹಾಕಿಕೊಂಡು, ಏನೂ ತಿನ್ನದೆ ಬಂದಿದ್ದೆ. ಮೇಕಪ್ ಹೆಂಗಸು ಬಣ್ಣ ಹಚ್ಚಿ, ಸೀರೆ ಉಡಿಸಿ, ನಿನ್ನನ್ನು ಹಜಾರದಲ್ಲಿ ಮಣೆಯ ಮೇಲೆ ಕೂರಿಸಿಯಾಗಿತ್ತು. ನಾನು ಪಿನ್ನಿನ ಡಬ್ಬಿ ಹಿಡಿದು ದೇವರ ಮನೆಯ ಬಾಗಿಲಲ್ಲಿ ನಿಂತಿದ್ದೆ. ಅಜ್ಜಿ ಒಡವೆಯ ತಟ್ಟೆ ಎತ್ತುತ್ತಾ ಮೆಲ್ಲಗೆ ಕೇಳಿದರು: "ನಿಮ್ಮಿಬ್ರಿಗೂ ಏನೂ ಇಲ್ವಲ್ಲಮ್ಮ?"

"ನಂಗೇನಿಲ್ಲ ಅಜ್ಜಿ. ಅವಳಿಗೆ... ಇವತ್ತು ಎರಡನೇ ದಿನ. ಹೇಳ್ಬೇಡ ಅಂದಿದಾಳೆ."

ಆ ಕೊನೆಯ ಮಾತು ಬೇಕಿರಲಿಲ್ಲ. ಅದಿಲ್ಲದೆಯೂ ನನ್ನ ಕೆಲಸ ಆಗುತ್ತಿತ್ತು. ಅದನ್ನೂ ಸೇರಿಸಿದೆ — ನಿನ್ನನ್ನು ಸುಳ್ಳಿಯನ್ನಾಗಿಯೂ ಮಾಡಿದೆ.

ಅಜ್ಜಿ ತಟ್ಟೆಯನ್ನು ಒಳಗಿಟ್ಟು ಹಜಾರಕ್ಕೆ ಬಂದರು. ಫೋಟೋಗ್ರಾಫರ್, ಲೈಟಿನವರು, ಮಾಲೀಕರು, ಅವರ ತಮ್ಮಂದಿರು ಎಲ್ಲರೂ ಇದ್ದರು. "ಎದ್ದೇಳಮ್ಮ. ಏನನ್ನೂ ಮುಟ್ಬೇಡ, ಹಾಗೇ ಹೊರಗೆ ಹೋಗು" ಅಂದರು. ಮೊದಲು ನಿನಗೆ ಅರ್ಥವೇ ಆಗಲಿಲ್ಲ. ಅರ್ಥವಾದಾಗ ಕತ್ತಿನವರೆಗೂ ಕೆಂಪಾದೆ. "ಇಲ್ಲ ಅಜ್ಜಿ, ನಂಗೇನೂ ಆಗಿಲ್ಲ. ದೇವರಾಣೆ" ಅಂದೆ. ಅಷ್ಟು ಗಂಡಸರ ಮುಂದೆ ಒಬ್ಬ ಹೆಣ್ಣುಮಗಳು ಇದನ್ನು ಹೇಗೆ ಸಾಬೀತು ಮಾಡಬೇಕು? ನೀನು ನನ್ನ ಕಡೆ ತಿರುಗಿದೆ. "ಸಂಧ್ಯಾ, ನೀನಾದ್ರೂ ಹೇಳೇ. ಒಂದೇ ರೂಮಲ್ಲಿರ್ತೀವಲ್ಲ."

ಆಗಲೂ ಸಮಯವಿತ್ತು. ಒಂದು ಮಾತು ಸಾಕಿತ್ತು.

ನಾನು ಹತ್ತಿರ ಬಂದು, ಎಲ್ಲರಿಗೂ ಕೇಳಿಸುವಂತೆ, ಮೃದುವಾಗಿ ಹೇಳಿದೆ: "ಹೋಗ್ಲಿ ಬಿಡು ಚೈತ್ರಾ. ಇದ್ರಲ್ಲಿ ನಾಚ್ಕೊಳೋದು ಏನಿದೆ?"

ನಾನು ಅದುವರೆಗೆ ಮಾಡಿದ್ದರಲ್ಲಿ ಅಷ್ಟು ಒಳ್ಳೆಯ ನಟನೆ ಇನ್ನೊಂದಿಲ್ಲ. ನೀನು ಬಾಗಿಲಲ್ಲಿ ಚಪ್ಪಲಿ ಮೆಟ್ಟುವಾಗಲೇ ಮನೆಯವರು ನೀನು ಕೂತಿದ್ದ ಜಾಗಕ್ಕೆ ನೀರು ಹಾಕಿ ಒರೆಸತೊಡಗಿದ್ದರು. ನೀನು ತಿರುಗಿ ನೋಡಿದ್ದನ್ನು ನಾನು ನೋಡಿದೆ.

ಬೀರುವಿನಿಂದ ಬೇರೆ ಸೀರೆ ತೆಗೆದು ನನಗೆ ಉಡಿಸಿದರು. ಅಜ್ಜಿ ನನ್ನ ಕೊರಳಿಗೆ ಕಾಸಿನ ಸರ ಹಾಕಿದರು, ಆರತಿ ಎತ್ತಿದರು, ಕೈ ಮುಗಿದರು. ಎರಡನೇ ದಿನ ಆಗಿದ್ದದ್ದು ನನಗೆ, ಚೈತ್ರಾ. ಸುಳ್ಳು ಅಷ್ಟು ಸಲೀಸಾಗಿ ಬಂದದ್ದು ಅದಕ್ಕೇ — ನನ್ನದನ್ನೇ ನಿನ್ನ ಮೇಲೆ ಹಾಕಿದೆ. ಮುಟ್ಟು ಮೈಲಿಗೆಯೆಂದು ನಾನು ಆಗಲೂ ನಂಬಿರಲಿಲ್ಲ, ಈಗಲೂ ಇಲ್ಲ. ನಂಬಿದ್ದ ಆ ಮುದುಕಿಗಿಂತ, ನಂಬದೆ ಅದನ್ನು ಬಳಸಿಕೊಂಡ ನಾನು ಕೀಳು. ಆ ಮಣೆಯ ಮೇಲೆ ಕೂತಾಗ ಪಶ್ಚಾತ್ತಾಪವಾಯಿತೆಂದು ಬರೆಯಬಹುದಿತ್ತು. ಆಗಲಿಲ್ಲ. ಹೊಟ್ಟೆ ನೋಯುತ್ತಿತ್ತು, ಅಷ್ಟೇ.

ಸಂಜೆ ಕೋಣೆಯಲ್ಲಿ ನೀನು "ಯಾಕೆ ಹಾಗಂದೆ?" ಎಂದು ಕೇಳಿದೆ. "ಅಜ್ಜಿ ಆಗ್ಲೇ ತೀರ್ಮಾನ ಮಾಡಿದ್ರು. ವಾದ ಮಾಡಿದ್ರೆ ನಿಂಗೇ ಇನ್ನೂ ಅವಮಾನ ಆಗ್ತಿತ್ತು ಕಣೇ" ಅಂದೆ. ನೀನು ನಂಬಿ ನನ್ನ ಮಡಿಲಲ್ಲಿ ಅತ್ತೆ. ಮೇಕಪ್ ಹೆಂಗಸೇ ಅಜ್ಜಿಯ ಕಿವಿಗೆ ಹಾಕಿರಬೇಕು ಎಂದೆ ನೀನು. ಇರಬಹುದು ಎಂದೆ ನಾನು.

ಮಾತು ಹಬ್ಬಿತು. ಮುಟ್ಟನ್ನು ಮುಚ್ಚಿಟ್ಟು ದೇವರ ಒಡವೆಗೆ ಕೈ ಹಾಕಲು ಬಂದವಳೆಂದು ಸೀರೆ ಅಂಗಡಿಯವರು ನಿನ್ನನ್ನು ಬಿಡಿಸಿದರು, ಮದುವೆಗಳಿಗೆ ಕರೆಯುವವರೂ ನಿಂತರು. ನಡೆದದ್ದು ಗೊತ್ತಿಲ್ಲದ ನಿನ್ನ ಅಪ್ಪ ನೆಂಟರನ್ನೆಲ್ಲ ಕೂರಿಸಿಕೊಂಡು ಕ್ಯಾಲೆಂಡರ್ ಬಿಚ್ಚಿದರಂತೆ, ಅದರಲ್ಲಿ ನಾನಿದ್ದೆ. ಮರುವರ್ಷ ಅವರು ತೋರಿಸಿದ ಮೊದಲ ಗಂಡಿಗೆ ನೀನು ತಲೆಯಾಡಿಸಿ ಹಾಸನಕ್ಕೆ ಹೋದೆ. ಕುಣಿಯುವುದನ್ನೂ ಬಿಟ್ಟೆಯಂತೆ.

ಕಳೆದ ವಾರ ಓಕಳಿಪುರಕ್ಕೆ ಹೋಗಿ ನಿನ್ನ ಅಪ್ಪನಿಗೆ ಎಲ್ಲವನ್ನೂ ಹೇಳಿದೆ.

"ಅವ್ಳೂ ಹೇಳಿದ್ಲು ಕಣಮ್ಮ, ನಂಗೇನೂ ಆಗಿರ್ಲಿಲ್ಲ ಅಪ್ಪಾ ಅಂತ. ನಾನು ನಂಬ್ಲಿಲ್ಲ." ಆಮೇಲೆ, "ಅವ್ಳ ಮದ್ವೆಗೆ ನೀನೂ ಬಂದಿದ್ದೆ ಅಲ್ವಾ? ಊಟ ಮಾಡ್ಕೊಂಡ್ ಹೋದೆ" ಅಂದರು.

ಹೌದು ಅಂದೆ.

"ಅವ್ಳಿಗೆ ಹೇಳಿದ್ಯಾ?"

"ಇನ್ನೂ ಇಲ್ಲ."

"ಮತ್ತೆ ನನ್ ಹತ್ರ ಯಾಕ್ ಬಂದೆ?"

ದಾರಿಯುದ್ದಕ್ಕೂ ಅದನ್ನೇ ಯೋಚಿಸಿದೆ. ಆ ದಿನ ನಿನ್ನನ್ನು ಹೊರಗೆ ಕೂರಿಸಿ, ನಿನ್ನ ವಿಷಯವನ್ನು ಹಿರಿಯರೊಬ್ಬರ ಹತ್ತಿರ ಮಾತಾಡಿದ್ದೆ. ಈಗ ನಿಜ ಹೇಳುವಾಗಲೂ ಮತ್ತೆ ಅದನ್ನೇ ಮಾಡಿದ್ದೇನೆ. ಇನ್ನು ಇದನ್ನು ಯಾರಿಗೆ ಹೇಳಬೇಕು, ಯಾರಿಗೆ ಹೇಳಬಾರದು ಎನ್ನುವುದು ನಿನ್ನದು. ಯಾರ ಮುಂದೆ ನಿಂತು ಹೇಳು ಅಂದರೂ ಬಂದು ಹೇಳುತ್ತೇನೆ. ನೀನು ಕರೆಯುವವರೆಗೆ ನಾನಾಗಿ ನಿನ್ನ ಬಾಗಿಲಿಗೆ ಬರುವುದಿಲ್ಲ.