ಪಂಚಾಯ್ತಿ ಕಂಪ್ಯೂಟರಿನಲ್ಲಿ ಕುರಿ ಹಿಂಡು

ಹನುಮಸಾಗರದ ಆಚೆಯ ಒಂದು ಗ್ರಾಮ ಪಂಚಾಯ್ತಿಯಲ್ಲಿ ರೂಪಾ ಕಂಪ್ಯೂಟರ್ ಆಪರೇಟರ್. ಗುತ್ತಿಗೆ ನೌಕರಿ. ಮೇಲಿನವರು ಬೇಡವೆಂದರೆ ನಾಳೆಯೇ ಕಳೆ ಕೀಳಲು ಹೋಗಬೇಕು. ಅವಳ ಅವ್ವ ಈಗಲೂ ಹೋಗುತ್ತಾಳೆ. ಬೆಳಿಗ್ಗೆಯೆಲ್ಲ ಜಾಬ್ ಕಾರ್ಡು, ಮನೆ ಅರ್ಜಿ. ಮಧ್ಯಾಹ್ನ ಪಿಡಿಒ ಊಟಕ್ಕೆ ಎದ್ದು, ಕರೆಂಟೂ ಇದ್ದರೆ, ಅವಳು ಇಂಟರ್‌ನೆಟ್ ನಕ್ಷೆಯಲ್ಲಿ ಭೂಮಿಯನ್ನು ಆಕಾಶದಿಂದ ನೋಡುತ್ತಿದ್ದಳು.

2011ರ ಬೇಸಿಗೆಯಲ್ಲಿ ಹಾಗೆ ನೋಡುತ್ತಿರುವಾಗ ಹಾಲುಮತದ ರೇಣುಕಮ್ಮ ಮನೆ ಅರ್ಜಿ ವಿಚಾರಿಸಲು ಬಂದಳು. ಅವಳ ಗಂಡ ಪಕ್ಕೀರಪ್ಪ ಕುರಿ ಹೊಡೆದುಕೊಂಡು ಗಂಗಾವತಿ ಕಡೆಯ ಭತ್ತದ ಗದ್ದೆಗಳಿಗೆ ಹೋಗಿದ್ದ. ಕೊಯ್ದ ಗದ್ದೆಯಲ್ಲಿ ರಾತ್ರಿ ಕುರಿ ತರುಬಿದರೆ ಗದ್ದೆಯವನಿಗೆ ಗೊಬ್ಬರ, ಕುರಿಗೆ ಮೇವು. ಅವನ ಫೋನು ಚಾರ್ಜಿಲ್ಲದೆ ಸತ್ತು ಬಹಳ ದಿನವಾಗಿತ್ತು.

ರೂಪಾ ಪರದೆಯ ಮೇಲೆ ಕಾಲುವೆ ಹಿಡಿದು ಕಾರಟಗಿವರೆಗೆ ಹೋದಳು. ಒಂದು ಗದ್ದೆಯಲ್ಲಿ ಬಿಳಿ ಚುಕ್ಕೆಗಳಿದ್ದವು.

"ಕುರಿ ಇದ್ದಂಗ ಅದಾವ," ಅಂದುಬಿಟ್ಟಳು.

"ನಮ್ಮವs ಅವು," ಅಂದಳು ರೇಣುಕಮ್ಮ. "ಆ ಮೂಲ್ಯಾಗ ಕುಂತಾಂವ ನಮ್ಮಾಂವ. ಹಂಗs ಕುಂದರತಾನ, ಹೊಲದವರು ಅನ್ನ ತರಲಿ ಅಂತ."

ಆ ಚಿತ್ರ ಎಂದೋ ತೆಗೆದದ್ದು ಎಂದು ರೂಪಾಗೆ ಗೊತ್ತಿತ್ತು. ಹೇಳಲು ಬಾಯಿ ಬರಲಿಲ್ಲ. ಮರುದಿನವೂ ರೇಣುಕಮ್ಮ ಚಪ್ಪಲಿ ಹೊರಗೆ ಬಿಟ್ಟು ಬಂದು ನೆಲಕ್ಕೆ ಕೂತಳು. ಆಮೇಲೆ ಅದು ಚಟವಾಯಿತು. ಫ್ಯಾನು ಗರಗರ ತಿರುಗುವುದು. ರೂಪಾಳ ಬೆರಳು ಸರಿದಂತೆ ಹಸಿರು ಸರಿಯುವುದು, ಕಾಲುವೆ ಹಾವಿನಂತೆ ಹೊರಳುವುದು, ಬಿಳಿ ಚುಕ್ಕೆಗಳು ಒಂದು ಬದು ದಾಟಿ ಇನ್ನೊಂದಕ್ಕೆ ಇಳಿಯುವುದು. ಹೊರಗೆ ಬಿಸಿಲು ಕಲ್ಲು ಸೀಳುತ್ತಿದ್ದರೂ ಇಬ್ಬರ ಕಾಲಿಗೂ ಕೆಸರು ತಣ್ಣಗೆ ತಾಗಿದಂತೆ. ಕೆಲವು ಸಲ ರೂಪಾಗೇ ಕುರಿ ಒದರಿದ್ದು ಕೇಳಿಸುತ್ತಿತ್ತು.

ಆಗ ಮೇಲಿನಿಂದ ಸುತ್ತೋಲೆ ಬಂತು: ಕಚೇರಿಯ ಇಂಟರ್‌ನೆಟ್ ಕಚೇರಿ ಕೆಲಸಕ್ಕೆ ಮಾತ್ರ, ತಪ್ಪಿದರೆ ಗುತ್ತಿಗೆ ರದ್ದು. ಹಿಂದೆಯೇ ತಪಾಸಣೆಗೆ ಒಬ್ಬ ಸಾಹೇಬರು ಬಂದು ಕಂಪ್ಯೂಟರಿನಲ್ಲಿ ಏನೇನು ತೆರೆದಿದ್ದಾರೆಂದು ನೋಡಿದರು. ದಿನಾ ಮಧ್ಯಾಹ್ನ ನಕ್ಷೆ, ನಕ್ಷೆ, ನಕ್ಷೆ.

ಪಿಡಿಒ ವಿರುಪಾಕ್ಷಿ ಪಾಪದವರು. "ಕೆರಿ ಹೂಳೆತ್ತಾಕ ಜಾಗ ನೋಡ್ತಿದ್ಲರಿ," ಅಂದರು.

"ನಿಮ್ಮ ಕೆರಿ ಕಾರಟಗ್ಯಾಗ ಐತೇನ್ರಿ?" ಅಂದರು ಸಾಹೇಬರು.

ನೆಲದ ಮೇಲಿದ್ದ ರೇಣುಕಮ್ಮ ಎದ್ದಳು. "ಆ ಹುಡುಗೀಗೆ ಬೈಬ್ಯಾಡ್ರಿ ಸಾಹೇಬ್ರ. ನನ್ನ ಗಂಡನ್ನ ತೋರಸ್ತಾಳ. ನೀವು ದೊಡ್ಡ ಮಂದಿ ಕುಂತಲ್ಲೇ ಫೋನ್ ಮಾಡ್ತೀರಿ. ನಾವೂ ಕಂದಾಯ ಕಟ್ಟಿಲ್ಲೇನು, ಈ ಡಬ್ಬಿ ನಮ್ಮದಲ್ಲೇನು? ಬರ್ರಿ, ಅಲ್ಲೇ ಅದಾನ, ನೋಡ್ರಿ."

ಸಾಹೇಬರು ಬಗ್ಗಿ ನೋಡಿದರು. ರೂಪಾಳ ಕಡೆ ತಿರುಗಿ, "ಇದು ಈಗಿನದೇನವಾ?" ಅಂದರು.

ಹೌದೆಂದರೆ ಸುಳ್ಳು. ಅಲ್ಲವೆಂದರೆ ಇಷ್ಟು ದಿನ ಹೇಳಿದ್ದೆಲ್ಲ ಸುಳ್ಳು. ನೌಕರಿಯ ಚಿಂತೆ ಅವಳಿಗೆ ಆಗ ನೆನಪೇ ಆಗಲಿಲ್ಲ.

"ಅಲ್ಲರಿ. ಹಳೇ ಫೋಟೊ ಅದು. ಕುರಿ ಹೌದೋ ಅಲ್ಲೋ ಅದೂ ಗೊತ್ತಿಲ್ಲರಿ."

ಸಾಹೇಬರಿಗೆ ಹಸಿವಾಗಿತ್ತು. ಇದೊಂದು ಸಲ ಬಿಡುತ್ತೇನೆಂದು ತಪ್ಪೊಪ್ಪಿಗೆ ಬರೆಸಿಕೊಂಡು, ನಕ್ಷೆ ತೆರೆಯದಂತೆ ಮಾಡಿಸಿ, ಪಿಡಿಒ ಜೊತೆ ಊಟಕ್ಕೆ ಹೋದರು.

ರೇಣುಕಮ್ಮ ಹೋಗಲಿಲ್ಲ. ಕಪ್ಪಾದ ಪರದೆಯನ್ನೇ ನೋಡುತ್ತ ನಿಂತಳು.

"ಹಂಗಾರ ಅಂವ ಎಲ್ಲಿ ಅದಾನ?"

"ಗೊತ್ತಿಲ್ಲ ಚಿಗವ್ವ."

"ನನಗ ಸುಳ್ಳು ಯಾಕ ಹೇಳಿದಿ?"

"ನೀ ಖುಷಿ ಆದಿ. ನನಗೂ ಛಲೋ ಅನ್ನಿಸ್ತು."

"ನೀ ಖುಷಿ ಆಗಾಕ ನನ್ನ ಗಂಡನs ಬೇಕಾಗಿದ್ನೇನು?" ಸೆರಗು ಕೊಡವಿದಳು. "ನಮ್ಮ ಮನಿ ಅರ್ಜಿ ಹಾಕೇನಿ ಅಂದಿದ್ದೆಲ್ಲ, ಅದಾರ ಖರೇನೋ ಅದೂ ಹಳೇ ಫೋಟೊನೋ?"

ರೂಪಾ ಅರ್ಜಿಯ ಪುಟ ತೆರೆದು ಪರದೆಯನ್ನು ಅವಳ ಕಡೆ ತಿರುಗಿಸಿದಳು. ಹೆಸರು, ಗಂಡನ ಹೆಸರು, ಊರು ಎಲ್ಲಕ್ಕೂ ಬೆರಳಿಟ್ಟು ಓದಿ ಹೇಳಿದಳು. ಕೊನೆಯ ಸಾಲು: ಪರಿಶೀಲನೆಯಲ್ಲಿದೆ.

"ಹಂಗಂದ್ರ?"

"ಇನ್ನೂ ಏನೂ ಆಗಿಲ್ಲ ಅಂತ."

"ಇದು ಖರೇ ಐತಿ," ಅಂದಳು ರೇಣುಕಮ್ಮ. ಚಪ್ಪಲಿ ಮೆಟ್ಟಿಕೊಂಡು ಬಿಸಿಲಿಗೆ ಇಳಿದಳು.