ಗಂಟು ಹಿಡಿಯುವ ಅಕ್ಕ

ಬೆಳಗಿನ ಐದೂವರೆ. ಬಟ್ಟೆ ಗಿರಣಿಯ ತಪಾಸಣೆ ಕೋಣೆಯಲ್ಲಿ ಉದ್ದನೆಯ ಮೇಜಿನ ಮೇಲೆ ನಾನು ಹೊತ್ತು ತಂದ ಬಿಳಿ ಬಟ್ಟೆಯ ಥಾನು ಹಿಂಬದಿ ಮೇಲಾಗಿ ಹರಡಿದೆ. ಅಕ್ಕ ಕಣ್ಣು ಮುಚ್ಚಿಕೊಂಡು ಅದರ ಮೇಲೆ ಅಂಗೈ ಆಡಿಸುತ್ತಾರೆ. ಸಾಸಿವೆಗಿಂತ ಸಣ್ಣದಾದ ನೂಲಿನ ಗಂಟೊಂದು ಬೆರಳಿಗೆ ಸಿಗುತ್ತದೆ. ಚಿಮಟದಲ್ಲಿ ಎತ್ತಿ, ಕತ್ತರಿಸಿ, ಮುಂದಕ್ಕೆ ಸರಿಯುತ್ತಾರೆ. ಇದು ಹಸುಗೂಸುಗಳ ಅಂಗಿಗೆ ಹೋಗುವ ಬಟ್ಟೆ. ಗಂಟು ಉಳಿದರೆ ಮೈ ತರಚುತ್ತದೆ.

ಗಿರಣಿಯವರು ಅವರನ್ನು ಗಂಟಕ್ಕ ಅನ್ನುತ್ತಾರೆ. ಕೆಲಸದಿಂದ ಬಂದ ಹೆಸರಲ್ಲ. ಅವರ ಮುಖ, ಕುತ್ತಿಗೆ, ತೋಳುಗಳ ತುಂಬ ಮೆತ್ತನೆಯ ಗಡ್ಡೆಗಳಿವೆ; ಕೆಲವು ಕಡಲೆಯಷ್ಟು, ಕೆಲವು ದ್ರಾಕ್ಷಿಯಷ್ಟು. ನರಗಳ ಮೇಲೆ ಬೆಳೆಯುವ ಇವು ವಂಶದಿಂದ ಬಂದವು, ಯಾರಿಗೂ ಅಂಟುವುದಿಲ್ಲ ಎಂದು ವೈದ್ಯರು ಬರೆದುಕೊಟ್ಟ ಚೀಟಿ ಸದಾ ಅವರ ಚೀಲದಲ್ಲಿರುತ್ತದೆ.

"ಬೇರೆಯವರಪ್ಪ ಹಣದ ಗಂಟು ಬಿಟ್ಟುಹೋಗ್ತಾರೆ, ನಮ್ಮಪ್ಪ ಇದನ್ನ ಬಿಟ್ಟುಹೋದ್ರು. ಕಳ್ಳರ ಭಯ ಇಲ್ಲ ನೋಡಿ" ಎಂದು ನಗುತ್ತಾರೆ.

ಆದರೆ ನಗು ತುಟಿಯಲ್ಲೇ ನಿಲ್ಲುತ್ತದೆ. ತಲೆ ಬಾಚಿದರೆ ನೋವು, ಸೆಖೆಯಲ್ಲಿ ಮೈಯೆಲ್ಲ ನವೆ. ಬಸ್ಸು ಎಷ್ಟೇ ತುಂಬಿದ್ದರೂ ಪಕ್ಕದ ಸೀಟು ಖಾಲಿ. ಸ್ವಂತ ತಂಗಿಯ ಮದುವೆಯಲ್ಲಿ ಅವರು ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಬಾ ಎಂದು ಯಾರೂ ಕರೆಯಲೂ ಇಲ್ಲ. ಹದಿನೇಳು ವರ್ಷದಿಂದ ದಿನಕ್ಕೆ ಹನ್ನೆರಡು ಥಾನು ಸವರುತ್ತಿದ್ದಾರೆ. ಅವರು ನೋಡಿ ಕಳಿಸಿದ ಒಂದೂ ವಾಪಸ್ ಬಂದಿಲ್ಲ.

ಇವತ್ತು ಹತ್ತಕ್ಕೆ ಬಟ್ಟೆ ಕೊಳ್ಳುವವರು ಬರುತ್ತಾರೆ. ಒಂಬತ್ತೂವರೆಗೆ ಸೂಪರ್‌ವೈಸರ್ ಬಂದು, ಎಂದಿನಂತೆ ಅಕ್ಕನನ್ನು ಪರದೆಯ ಹಿಂದೆ ಕೂರಲು ಹೇಳುತ್ತಾರೆ. ಹೊರಗೆ ಕಾಣಿಸಿಕೊಂಡರೆ ನಾಳೆಯಿಂದ ಬರುವುದು ಬೇಡ ಎಂದೂ ಸೇರಿಸುತ್ತಾರೆ. ಅಕ್ಕನ ಜಾಗದಲ್ಲಿ ಪ್ಯಾಕಿಂಗ್ ವಿಭಾಗದ ಹುಡುಗಿ ನಿಲ್ಲುತ್ತಾಳೆ. ನನಗೆ ಮೈಯೆಲ್ಲ ಉರಿಯುತ್ತದೆ. ಅಕ್ಕ ಮಾತ್ರ ಸುಮ್ಮನೆ ಒಳಗೆ ಹೋಗುತ್ತಾರೆ.

ಬಂದವರಲ್ಲಿ ಹಿರಿಯರೊಬ್ಬರು ಈ ಸಲ ಮೇಜಿನ ಮೇಲಿನ ಥಾನನ್ನು ತಮ್ಮೆದುರೇ ಪರೀಕ್ಷಿಸಿ ತೋರಿಸಲು ಕೇಳುತ್ತಾರೆ. ಅದಿನ್ನೂ ಅಕ್ಕನ ಕೈಗೆ ಸಿಗದ ಥಾನು. ಹುಡುಗಿ ಗಾಬರಿಯಲ್ಲಿ ಬಟ್ಟೆಯ ಮೇಲ್ಮೈ ಸವರುತ್ತಾಳೆ. ಗಂಟು ಕೂರುವುದು ಹಿಂಬದಿಯಲ್ಲಿ ಎಂಬುದು ಅವಳಿಗೆ ಗೊತ್ತಿಲ್ಲ. ಒಂದೂ ಗಂಟಿಲ್ಲ ಅನ್ನುತ್ತಾಳೆ. ಸೂಪರ್‌ವೈಸರ್ ಥಾನು ಕಟ್ಟಲು ಕೈ ಮಾಡುತ್ತಾರೆ.

ಪರದೆಯ ಸಂದಿಯಿಂದ ನೋಡುತ್ತಿದ್ದ ಅಕ್ಕ ಒಮ್ಮೆ ಕಣ್ಣು ಮುಚ್ಚುತ್ತಾರೆ. ಅವರು ಎದ್ದು ಹೊರಗೆ ಬರುತ್ತಾರೆ.

"ಅದನ್ನ ಕಟ್ಬೇಡಿ. ನಾನಿನ್ನೂ ನೋಡಿಲ್ಲ."

ಹಿರಿಯರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಅಕ್ಕ ಅವರತ್ತ ನೋಡದೆ ಬಟ್ಟೆ ಮಗುಚಿ ಸವರಲು ಶುರುಮಾಡುತ್ತಾರೆ. ಒಂದು, ಎರಡು, ಐದು ಗಂಟು. ಆರನೆಯದಕ್ಕೆ ಹಿರಿಯರು ಹತ್ತಿರ ಬಂದು, ಅಕ್ಕ ತೋರಿಸಿದ ಕಡೆ ತಮ್ಮ ಬೆರಳಿಟ್ಟು ನೋಡುತ್ತಾರೆ. ಆಮೇಲೆ, ಇಷ್ಟು ವರ್ಷ ನಮ್ಮ ಬಟ್ಟೆ ನೋಡಿದ್ದು ಯಾರು ಎಂದು ಸೂಪರ್‌ವೈಸರನ್ನು ಕೇಳುತ್ತಾರೆ. ಸೂಪರ್‌ವೈಸರ್ ಥಾನಿನ ಅಂಚು ಸರಿಮಾಡತೊಡಗುತ್ತಾರೆ.

ಬಂದವರು ಹೊರಡುತ್ತಾರೆ. ನಾಳೆ ಗೇಟಿನಲ್ಲಿ ತಮ್ಮನ್ನು ಒಳಗೆ ಬಿಡುತ್ತಾರೋ ಇಲ್ಲವೋ ಅಕ್ಕನಿಗೂ ಗೊತ್ತಿಲ್ಲ. ಭಯ ಆಗಲಿಲ್ಲವೇ ಎಂದು ಕೇಳುತ್ತೇನೆ.

"ಆಯ್ತು, ಈಗ್ಲೂ ಆಗ್ತಿದೆ. ಆದ್ರೆ ಯಾರು ನೋಡಿದ್ದು ಅಂತ ಅವ್ರು ಕೇಳಿದ್ರಲ್ಲ, ಆಗ ನನ್ನ ಬಾಯಿ ಕಟ್ಟೋಯ್ತು. ಇನ್ನೊಂದ್ಸಲ ಯಾರಾದ್ರೂ ಕೇಳ್ಬೇಕು. 'ನಾನು' ಅಂತೀನಿ."