ನೀವು ನಿಲ್ಲಿಸಿ ಎಂದಾಗ

ನಿಮ್ಮ ಎರಡು ಬೆರಳನ್ನು ಹಾಳು ಮಾಡಿದ್ದು ಚರ್ಮ ಒತ್ತುವ ಯಂತ್ರವಲ್ಲ, ಶರಣಪ್ಪನವರೇ — ನಾನು. ನನ್ನ ಸೂಜಿ. ಇದು ನನಗೆ ಅಂದೇ ಗೊತ್ತಿತ್ತು.

ಧಾರಾವಿಯ ಆ ಕಾರ್ಖಾನೆಯಲ್ಲಿ ನಿಮ್ಮ ತಮ್ಮ ಮಲ್ಲಪ್ಪ ನೋಡದೆ ಸ್ವಿಚ್ ಒತ್ತಿದ, ನಿಮ್ಮ ಮುಂಗೈ ಮೂಳೆ ಮುರಿಯಿತು. ಅವನ ತಪ್ಪು ಅಷ್ಟೇ. ಆಪರೇಷನ್‌ಗೆ ಮೊದಲು ನೀವು ಐದೂ ಬೆರಳು ಆಡಿಸಿ ತೋರಿಸಿದ್ದಿರಿ — ಅಷ್ಟು ನೋವಿನಲ್ಲೂ. ನನ್ನದು ಉಡುಪಿ ಕಡೆಯ ಕನ್ನಡ, ನಿಮ್ಮದು ಕಲಬುರ್ಗಿಯದು. ಆದರೂ ಅರಿವಳಿಕೆ ಕೊಡುವವಳು ನಮ್ಮವಳೇ ಎಂದು ನಿಮಗೆ ಧೈರ್ಯ ಬಂದಿತ್ತು.

ಕೈಯನ್ನಷ್ಟೇ ಮರಗಟ್ಟಿಸಲು ಕಂಕುಳಲ್ಲಿ ನರದ ಪಕ್ಕ ಮದ್ದು ಬಿಡಬೇಕು. ಪಕ್ಕದಲ್ಲಿ — ಒಳಗಲ್ಲ. ನರ ತೋರಿಸುವ ಸ್ಕ್ಯಾನಿಂಗ್ ಯಂತ್ರ ಇನ್ನೊಂದು ಥಿಯೇಟರ್‌ನಲ್ಲಿತ್ತು. ತರಿಸಬಹುದಿತ್ತು. ಪಳಗಿದ ಕೈ ಎಂಬ ಜಂಬ ನನಗೆ. ಮದ್ದು ಒತ್ತುತ್ತಿದ್ದಂತೆ ನೀವು ಹೇಳಿದಿರಿ:

“ಅಕ್ಕಾರ, ಕಿರುಬೆರಳ ತನಕ ಕರೆಂಟ್ ಹೊಡದಂಗ ಆಗ್ಲಕತ್ತದ. ನಿಲ್ಲಸ್ರಿ.”

ಸೂಜಿ ನರಕ್ಕೆ ಚುಚ್ಚಿದರೆ ರೋಗಿ ಹೇಳುವುದು ಇದನ್ನೇ — ಹೇಳಲೆಂದೇ ಅವರನ್ನು ಎಚ್ಚರ ಇಟ್ಟಿರುತ್ತೇವೆ. ನಾನು ನಿಲ್ಲಿಸಲಿಲ್ಲ. ಸ್ವಲ್ಪ ತಡೆದುಕೊಳ್ಳಿ ಎಂದು ನಿದ್ದೆಯ ಮದ್ದು ಕೊಟ್ಟೆ. ಹಾಗೆ ನಿಮ್ಮ ಬಾಯಿ ಮುಚ್ಚಿಸಿ, ಉಳಿದದ್ದನ್ನೂ ಒತ್ತಿದೆ.

ಮೂಳೆ ಕೂಡಿಕೊಂಡಿತು, ಕಿರುಬೆರಳು, ಉಂಗುರ ಬೆರಳು ಮಾತ್ರ ಮಡಚಿಕೊಂಡೇ ಉಳಿದವು. ಚರ್ಮ ಕತ್ತರಿಸುವ ಚಾಕು ಹಿಡಿಯಲಾಗುತ್ತಿಲ್ಲ, ಯಾಕೆ ಹೀಗೆ ಎಂದು ಕೇಳಿದಿರಿ. ಯಂತ್ರದ ಪೆಟ್ಟು ಅಂದುಬಿಟ್ಟೆ. ನಂಬಿದಿರಿ. ಮಲ್ಲಪ್ಪನನ್ನು ಖೋಲಿಯಿಂದ ಹೊರಗೆ ಹಾಕಿದ್ದನ್ನು, ಇನ್ನವನ ಮುಖ ನೋಡುವುದಿಲ್ಲವೆಂದು ಆಣೆ ಮಾಡಿದ್ದನ್ನು ಮುಂದಿನ ಸಲ ಬಂದಾಗ ನೀವೇ ಹೇಳಿದಿರಿ. ಆಗಲಾದರೂ ನಾನು... ಇಲ್ಲ. ನೋವಿನ ಮಾತ್ರೆ ಬರೆದುಕೊಟ್ಟು ಕಳಿಸಿದೆ.

ಈಗ ಸ್ಕ್ಯಾನಿಂಗ್ ಇಲ್ಲದೆ ಸೂಜಿ ಮುಟ್ಟುವುದಿಲ್ಲ. ರೋಗಿ ನೋವು ಎಂದರೆ ಮೊದಲು ಕೈ ನಿಲ್ಲಿಸಿ ಎಂದು ಕಿರಿಯರಿಗೆ ಕಲಿಸುತ್ತೇನೆ. ಎಷ್ಟು ಜಾಗ್ರತೆ ಎಂದು ಅವರು ಹೊಗಳುವಾಗ ಮೈ ಹಿಡಿಯಾಗುತ್ತದೆ. ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ — ಕೊಳ್ಳೆಯಾದದ್ದು ನಿಮ್ಮ ಕೋಟೆ.

ಈ ಭಾನುವಾರ ನಿಮ್ಮ ಖೋಲಿಗೆ ಬರುತ್ತೇನೆ. ದೂರು ಕೊಡಿ, ಇದನ್ನೆಲ್ಲ ವಿಚಾರಣೆಯಲ್ಲಿಯೂ ಹೇಳುತ್ತೇನೆ. ಒಂದೇ ಕೇಳಿಕೆ — ಎಲ್ಲಿದ್ದರೂ ಮಲ್ಲಪ್ಪನನ್ನು ಕರೆಸಿ. ಅವನ ಎದುರಿಗೇ ಹೇಳಬೇಕು.